ಕಪ್ಪು ಗೆರೆಯ ಕಾಳು

ಕೋಬೆ
ನವೆಂಬರ್ ೪

ಅತ್ತೆಯವರಿಗೆ ಶಿನೊಳ ನಮಸ್ಕಾರ.

ಚಳಿಯ ಬಗ್ಗೆ, ಎಲೆ ಕೆಂಪಾದ ಬಗ್ಗೆ ಎರಡು ಸಾಲು ಬರೆದು ಆಮೇಲೆ ಸುದ್ದಿಗೆ ಬರಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ. ನಾನು ಬಸ್ ಓಡಿಸುತ್ತಿದ್ದೇನೆ! ಹತ್ತೂವರೆ ಮೀಟರ್ ಉದ್ದದ ಬಸ್ಸು, ಒಳಗೆ ನಿಜವಾದ ಜನ. ಒಂಬತ್ತು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕುಳಿತು ಬಸ್ಸುಗಳ ಬೆನ್ನು ನೋಡಿದವಳು ಈಗ ಮುಂದಿನ ಸೀಟಿನಲ್ಲಿದ್ದೇನೆ. ಪಕ್ಕದಲ್ಲಿ ತರಬೇತಿ ಕೊಡುವ ಓಗಾತ ಅವರು ನಿಂತಿರುತ್ತಾರೆ. ಬಂದರಿನಿಂದ ಬೆಟ್ಟದ ಮೇಲಿನ ಆಸ್ಪತ್ರೆಯ ತನಕ ನಲವತ್ತೆರಡು ನಿಮಿಷ, ಹದಿನೇಳು ತಿರುವು. ಫೆಬ್ರವರಿ ಇಪ್ಪತ್ತಕ್ಕೆ ಕೊನೆಯ ಪರೀಕ್ಷೆ. ಪಾಸಾದರೆ ಬಸ್ಸು ನನ್ನದು.

ಆಗಸ್ಟಿನಿಂದ ನಾವಿಬ್ಬರೂ ಮಾತಾಡಿಲ್ಲ. ಫೋನಿನಲ್ಲಿ ನಿಮಗೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ, ಅದಕ್ಕೇ ಕಾಗದ. ಹಿರಿಯರ ಹಬ್ಬದಲ್ಲಿ ಮಾವನವರಿಗೆ ಎಡೆ ಇಟ್ಟು ಬಡಿಸಿದ ಯಸೆಉಮವನ್ನು, ಆ ಸಿಹಿ ಗೋಧಿಹಿಟ್ಟಿನ ಪಟ್ಟಿಗಳನ್ನು, ನಾನು ತಟ್ಟೆಯಲ್ಲೇ ಬಿಟ್ಟೆ. "ಕೋಬೆ ಹುಡುಗಿಗೆ ನಮ್ಮೂರ ಗೋಧಿಹಿಟ್ಟು ಗಂಟಲಲ್ಲಿ ಇಳಿಯಲ್ವೇನೋ" ಅಂದಿರಿ. ಇಳಿಯುತ್ತದೆ ಅತ್ತೆ. ಇಳಿದ ಮೇಲೆ ಏನಾಗುತ್ತದೆ ಎನ್ನುವುದನ್ನು ಅವತ್ತು ಅಷ್ಟು ಜನರ ಮುಂದೆ ಹೇಳಲಾಗಲಿಲ್ಲ.

ಎರಡು ವರ್ಷದಿಂದ ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತಿತ್ತು. ಬಾಯಿ ತುಂಬ ಹುಣ್ಣು, ತಲೆಯಲ್ಲಿ ಮಂಜು. ಆಮೇಲೆ ಓಟ. ಸೆಪ್ಟೆಂಬರ್ ಹತ್ತರಂದು ಇಪ್ಪತ್ತೆಂಟು ಜನರನ್ನು ಬಸ್ಸಿನಲ್ಲೇ ಕೂರಿಸಿ, ನಿಲ್ದಾಣದ ಎದುರಿನ ಹೂವಿನಂಗಡಿಯ ಶೌಚಾಲಯಕ್ಕೆ ಓಡಿದೆ. ಓಗಾತ ಅವರು ಒಬ್ಬೊಬ್ಬರಿಗೂ ಬಾಗಿ ಕ್ಷಮೆ ಕೇಳಿದರಂತೆ. "ಇನ್ನೊಂದ್ಸಲ ಹೀಗಾದ್ರೆ ಬಾಗೋಕೆ ನನ್ನ ಸೊಂಟ ಇರಲ್ಲಮ್ಮ" ಅಂದರು. ಮೂರನೆಯ ಸಲವಾದರೆ ಮತ್ತೆ ಟಿಕೆಟ್ ಕಿಟಕಿಗೇ ಕಳಿಸುತ್ತಾರೆ.

ಅವತ್ತೇ ಗೋಧಿ ಬಿಟ್ಟೆ. ಬ್ರೆಡ್, ಉದೊನ್ ಶಾವಿಗೆ, ಮೀನಿನ ಮೇಲಿನ ಹಿಟ್ಟು, ಗೋಧಿ ಹಾಕಿದ ಸೋಯಾ ಸಾಸ್, ಎಲ್ಲವನ್ನೂ. ಹನ್ನೆರಡನೆಯ ದಿನ ಎದ್ದಾಗ ಹೊಟ್ಟೆ ಇರುವುದೇ ಗೊತ್ತಾಗಲಿಲ್ಲ! ಖುಷಿಯಿಂದ ಡಾಕ್ಟರ ಹತ್ತಿರ ಹೋದರೆ ಅವರು ಮುಖ ಗಂಟು ಹಾಕಿದರು.

"ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಅಂಶ ಒಗ್ಗದ ಸೀಲಿಯಾಕ್ ಕಾಯಿಲೆ ಅಂತ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ. ಪರೀಕ್ಷೆಗೆ ಮೊದ್ಲೇ ಗೋಧಿ ಬಿಟ್ಬಿಟ್ರಲ್ಲ, ಇನ್ನು ರಕ್ತದಲ್ಲಿ ಏನೂ ಕಾಣಲ್ಲ. ಆರು ವಾರ ದಿನಾ ಬ್ರೆಡ್ ತಿಂದು ಬನ್ನಿ."

"ಆರು ವಾರ ಬಸ್ ಯಾರು ಓಡಿಸ್ತಾರೆ ಡಾಕ್ಟ್ರೇ?"

"ಅದು ನನ್ನ ವಿಭಾಗ ಅಲ್ಲಮ್ಮ."

ಹೀಗಾಗಿ ನನ್ನ ಕಾಯಿಲೆಗೆ ಹೆಸರಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ಯಾರೂ ನಂಬುವುದಿಲ್ಲ, ಗೊತ್ತು. ನೀವಾದರೂ ನಂಬಿ ಎಂದು ಕೇಳಲು ಈ ಕಾಗದ.

ನಿಮ್ಮ ಸೊಸೆ
ಶಿನೊ


ಕುನಿಸಾಕಿ
ನವೆಂಬರ್ ೧೬

ಶಿನೊಗೆ,

ಆಗಸ್ಟಿನದನ್ನು ನಾನು ಎಂದೋ ಮರೆತೆ. ನೀನು ಬಿಟ್ಟದ್ದು ಏಳು ಪಟ್ಟಿ.

ಡಾಕ್ಟರೇ ಇಲ್ಲ ಎಂದ ಮೇಲೆ ಕಾಯಿಲೆ ಎಲ್ಲಿಂದ ಬಂತು? ನಮ್ಮ ಕಾಲದಲ್ಲಿ ಹೊಟ್ಟೆಗೆ ಇಷ್ಟೊಂದು ಅಭಿಪ್ರಾಯ ಇರಲಿಲ್ಲ. ಹಾಕಿದ್ದನ್ನು ಅರೆಯುತ್ತಿತ್ತು. ಪಕ್ಕದ ಮನೆಯ ಫುಸೆಗೆ ಹೇಳಿದೆ. "ಪಟ್ಟಣದೋರಿಗೆ ದಿನಾ ಒಂದು ಹೊಸ ರೋಗ ಬೇಕು ಕಣೇ" ಅಂದಳು. ಅವಳು ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸುವುದಿಲ್ಲ, ಇದಕ್ಕೆ ಆಡಿಸಿದೆ.

ಆದರೆ ಬಸ್ ಓಡಿಸುವುದು ಒಳ್ಳೆಯದು. ನಿನ್ನ ಮಾವ, ಜುನ್‌ಪೇಯ ಅಪ್ಪ, ಟ್ರ್ಯಾಕ್ಟರನ್ನೂ ನೆಟ್ಟಗೆ ಓಡಿಸಿದವರಲ್ಲ. ಹದಿನೇಳು ತಿರುವು ಎಂದದ್ದನ್ನು ಟೇಬಲ್ ಟೆನಿಸ್ ಸಂಘದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಈಗ ಫೇಲಾಗಿ ನನ್ನ ಮಾನ ಕಳೆಯಬೇಡ.

ಪೆಟ್ಟಿಗೆಯಲ್ಲಿ ಕಿತ್ತಳೆ, ಒಣ ಅಣಬೆ, ಎರಡು ಕಿಲೋ ಮಿಸೊ ಇದೆ. ಮಿಸೊ ಹೋದ ವರ್ಷ ಜನವರಿಯಲ್ಲಿ ಸೋಯಾ ಕಾಳು ಬೇಯಿಸಿ ಅರೆದು ಹುದುಗಲು ಹಾಕಿದ್ದು, ಈ ಸಲ ಬಹಳ ಚೆನ್ನಾಗಿ ಮಾಗಿದೆ. ಅನ್ನ ಮಾಡು, ಮಿಸೊ ಸಾರು ಮಾಡು, ಬಿಸಿಬಿಸಿ ಕುಡಿ. ನನ್ನ ಮಿಸೊ ಕುಡಿದು ಹೊಟ್ಟೆ ಕೆಟ್ಟವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಚಿಗುಸಾ
(ಕಿತ್ತಳೆಯನ್ನು ಜುನ್‌ಪೇ ಒಬ್ಬನೇ ಮುಗಿಸದಂತೆ ನೋಡಿಕೊ)


ಕೋಬೆ
ಡಿಸೆಂಬರ್ ೨

ಅತ್ತೆಯವರಿಗೆ,

ಪೆಟ್ಟಿಗೆ ಬಿಚ್ಚಿದ ಕೂಡಲೇ ಅಡುಗೆಮನೆಯಲ್ಲಿ ನಿಮ್ಮ ಮನೆಯ ವಾಸನೆ ಹರಡಿತು. ನೀವು ನಂಬಿಲ್ಲ ಎನ್ನುವುದು ನಿಮ್ಮ ಮೊದಲ ಸಾಲಿನಲ್ಲೇ ತಿಳಿಯಿತು. ಆದರೂ ಮಿಸೊ ಕಳಿಸಿದಿರಿ. ನನಗೆ ಅಷ್ಟು ಸಾಕು, ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ.

ಈ ಊರಿನಲ್ಲಿ ಗೋಧಿ ಬಿಟ್ಟು ಬದುಕುವುದೆಂದರೆ ಸಮುದ್ರದಲ್ಲಿದ್ದು ಉಪ್ಪು ಬಿಟ್ಟ ಹಾಗೆ. ನಾಲ್ಕು ಹೆಜ್ಜೆಗೊಂದು ಬೇಕರಿ. ಬೆಳಿಗ್ಗೆ ಬಸ್ ತೆಗೆಯುವ ಹೊತ್ತಿಗೆ ಸರಿಯಾಗಿ ಅವರು ಒಲೆ ಬಾಗಿಲು ತೆರೆಯುತ್ತಾರೆ. ನಾನು ಕಿಟಕಿ ಮುಚ್ಚುತ್ತೇನೆ. ಓಗಾತ ಅವರು ಬೇಕೆಂದೇ ಅವರ ಕಡೆಯದನ್ನು ತೆರೆಯುತ್ತಾರೆ. "ವಾಸನೇಲಿ ಗ್ಲುಟೆನ್ ಇರಲ್ಲಮ್ಮ, ಕೇಳ್ಕೊಂಡು ಬಂದಿದ್ದೀನಿ."

ಜುನ್‌ಪೇ ಬ್ರೆಡ್ ತಿನ್ನುವುದನ್ನು ಬಾಲ್ಕನಿಗೆ ವರ್ಗ ಮಾಡಿದ್ದೇನೆ. ಬಂದರಿನಲ್ಲಿ ದಿನವಿಡೀ ಕ್ರೇನಿನ ತುದಿಯಲ್ಲಿ ಕೂರುವ ಮನುಷ್ಯ, ಮನೆಗೆ ಬಂದರೂ ಗಾಳಿಯಲ್ಲೇ ಕೂತು ಬೆಣ್ಣೆ ಸವರಿಕೊಳ್ಳುತ್ತಾರೆ. ಬೀದಿಯ ಪಾರಿವಾಳಗಳೆಲ್ಲ ಈಗ ಅವರ ಸ್ನೇಹಿತರು. ಮೊನ್ನೆ ಒಂದಕ್ಕೆ ಹೆಸರಿಡುತ್ತಿದ್ದರು.

ನಿಮ್ಮ ಮಿಸೊ ಸಾರನ್ನು ಈಗ ಮೂರು ಹೊತ್ತೂ ಕುಡಿಯುತ್ತೇನೆ. ಡ್ಯೂಟಿಗೂ ಫ್ಲಾಸ್ಕಿನಲ್ಲಿ ಒಯ್ಯುತ್ತೇನೆ. ತಳದಲ್ಲಿ ಉಳಿಯುವ, ನಡುವೆ ಕಪ್ಪು ಗೆರೆಯಿರುವ ಆ ಮೆತ್ತನೆಯ ಕಾಳುಗಳನ್ನು ಚಮಚದಲ್ಲಿ ಬಳಿದು ತಿನ್ನುತ್ತೇನೆ. ಅವೇ ಎಲ್ಲಕ್ಕಿಂತ ರುಚಿ.

ಒಂದೇ ಚಿಂತೆ. ಎರಡು ವಾರದಿಂದ ಹೊಟ್ಟೆ ಮತ್ತೆ ಹಳೆಯ ವರಸೆ ತೆಗೆದಿದೆ. ಎಲ್ಲಿಂದಲೋ ಗೋಧಿ ನುಸುಳುತ್ತಿದೆ. ಕಳ್ಳನನ್ನು ಹಿಡಿಯಲೇಬೇಕೆಂದು ಪಟ್ಟು ಹಿಡಿದಿದ್ದೇನೆ. ಚಹಾದ ಪುಡಿ, ಉಪ್ಪಿನಕಾಯಿ, ಜುನ್‌ಪೇಯ ಅಂಗಿಯ ಮೇಲಿನ ಬ್ರೆಡ್ಡಿನ ಪುಡಿ, ಎಲ್ಲರ ಮೇಲೂ ಅನುಮಾನ. ಅಂಗಡಿಯ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ಇಡೀ ಮನೆಯಲ್ಲಿ ಓದದೆ ತಿನ್ನುವುದು ಒಂದನ್ನೇ. ನಿಮ್ಮ ಡಬ್ಬಿಯ ಮೇಲೆ ಪಟ್ಟಿ ಇಲ್ಲ, ನಿಮ್ಮ ಅಕ್ಷರ ಇದೆ. ಅದನ್ನು ಅನುಮಾನಿಸುವುದುಂಟೇ?

ಶಿನೊ


ಕುನಿಸಾಕಿ
ಡಿಸೆಂಬರ್ ೨೦

ಶಿನೊಗೆ,

ಸಾರು ಕುಡಿದೂ ವಾಸಿಯಾಗಿಲ್ಲ ಎಂದರೆ ನೀನು ಮಿಸೊ ಕಡಿಮೆ ಹಾಕುತ್ತಿದ್ದೀಯೆ. ಕೋಬೆಯವರ ಕೈ ಚಿಕ್ಕದು. ಇನ್ನೂ ಮೂರು ಕಿಲೋ ಕಳಿಸಿದ್ದೇನೆ. ಧಾರಾಳವಾಗಿ ಹಾಕು.

ಸಂಚಾರಿ ಗ್ರಂಥಾಲಯದ ವ್ಯಾನು ತಿಂಗಳಿಗೆ ಎರಡು ಸಲ ನಮ್ಮ ಬೀದಿಗೆ ಬರುತ್ತದೆ. ಆ ಹುಡುಗಿಗೆ ಗ್ಲುಟೆನ್ ಎಂಬುದರ ಬಗ್ಗೆ ಪುಸ್ತಕ ತರಲು ಹೇಳಿದ್ದೇನೆ. ಓದಿ ನಿನ್ನನ್ನು ವಾದದಲ್ಲಿ ಸೋಲಿಸುವವಳಿದ್ದೇನೆ. ತಯಾರಾಗಿರು.

ಇನ್ನೊಂದು ಮಾತು. ಜನವರಿ ಹದಿನಾಲ್ಕಕ್ಕೆ ಹೊಸ ಮಿಸೊಗೆ ಕೊಜಿ ಬೂಷ್ಟು ಹಿಡಿಸುತ್ತೇನೆ. ಅದನ್ನು ಬೆಳೆಸುವ ಮರದ ತಟ್ಟೆಗಳು ನಮ್ಮ ಮನೆಯಲ್ಲಿ ಹನ್ನೆರಡು ಇವೆ. ಅವುಗಳಿಗೆ ಸೋಪು ಮುಟ್ಟಿಸಿದವರಿಲ್ಲ. ಈ ಮನೆಗೆ ಬಂದ ಸೊಸೆ ತನ್ನ ಮೊದಲ ಚಳಿಗಾಲದಲ್ಲಿ ಒಂದು ತಟ್ಟೆಯ ಅಡಿಯಲ್ಲಿ ಮಸಿಯಿಂದ ಹೆಸರು ಬರೆಯಬೇಕು. ನನ್ನ ಅತ್ತೆಯದಿದೆ, ಅವರ ಅತ್ತೆಯದಿದೆ, ನನ್ನದಿದೆ. ನನ್ನ ಹೆಸರಿನ ಪಕ್ಕದಲ್ಲಿ ಐದು ವರ್ಷದಿಂದ ಖಾಲಿ ಜಾಗವಿದೆ. ಪ್ರತಿ ಸಲ ನಿನಗೆ ಡ್ಯೂಟಿ, ನನಗೆ ಬಿಗುಮಾನ. ಈ ಸಲ ಬಂದು ಬರೆದು ಹೋಗು.

ಚಿಗುಸಾ


ಕೋಬೆ
ಜನವರಿ ೯

ಅತ್ತೆಯವರಿಗೆ,

ಹೊಸ ವರ್ಷದ ಶುಭಾಶಯ ತಡವಾಯಿತು.

ನಿನ್ನೆ ಎರಡನೆಯ ಸಲ ಆಯಿತು. ಹನ್ನೊಂದನೆಯ ತಿರುವಿನಲ್ಲಿ. ಶಾಲೆಯ ಮುಂದೆ ಬಸ್ ನಿಲ್ಲಿಸಿ, ಕಾವಲುಗಾರನನ್ನು ಬೇಡಿಕೊಂಡು ಒಳಗೆ ಓಡಿದೆ. ವಾಪಸ್ ಬಂದಾಗ ಪ್ರಯಾಣಿಕರೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು, ನನಗೆ ನಾಚಿಕೆಯಾಗದಿರಲಿ ಎಂದು. ಅದರಿಂದಲೇ ಹೆಚ್ಚು ನಾಚಿಕೆಯಾಯಿತು. ಓಗಾತ ಅವರು ಈ ಸಲ ತಮಾಷೆ ಮಾಡಲಿಲ್ಲ. "ಫೆಬ್ರವರಿ ಇಪ್ಪತ್ತರ ತನಕ ಹೇಗೋ ತಡ್ಕೋ. ಇನ್ನೊಂದ್ಸಲ ಆದ್ರೆ ನನ್ನ ಕೈಲಿಲ್ಲ" ಅಂದರು.

ಈಗ ಎಲ್ಲವನ್ನೂ ಬಿಟ್ಟಿದ್ದೇನೆ. ಉಪ್ಪಿನಕಾಯಿ ಇಲ್ಲ, ಚಹಾ ಇಲ್ಲ. ಬರೀ ಅನ್ನ, ನಿಮ್ಮ ಮಿಸೊ. ಇನ್ನು ಬಿಡಲು ನನ್ನಲ್ಲಿ ಏನೂ ಉಳಿದಿಲ್ಲ. ಒಮ್ಮೊಮ್ಮೆ ಫುಸೆ ಅಕ್ಕ ಹೇಳಿದ್ದೇ ಸರಿಯೇನೋ, ಎಲ್ಲ ನನ್ನ ತಲೆಯೊಳಗೇ ಇದೆಯೇನೋ ಅನಿಸುತ್ತದೆ. ತಿಂಗಳ ಕೊನೆಗೂ ಹೀಗೇ ಇದ್ದರೆ ಪರೀಕ್ಷೆಗೆ ಕೂರುವುದಿಲ್ಲ, ನಾನೇ ಬರೆದುಕೊಟ್ಟು ಟಿಕೆಟ್ ಕಿಟಕಿಗೆ ಹೋಗುತ್ತೇನೆ. ಇದನ್ನು ಜುನ್‌ಪೇಗೆ ಹೇಳಿಲ್ಲ.

ಹದಿನಾಲ್ಕಕ್ಕೆ ಬರಲಾಗುವುದಿಲ್ಲ. ನನ್ನ ಜಾಗ ಇನ್ನೊಂದು ವರ್ಷ ಖಾಲಿ ಇರಲಿ.

ಶಿನೊ


ತುರ್ತು ತಂತಿ
ಜನವರಿ ೧೪, ಬೆಳಿಗ್ಗೆ ೧೦.೨೦

ಮಿಸೊ ತಿನ್ನಬೇಡ. ಅದರಲ್ಲಿ ಬಾರ್ಲಿ ಇದೆ. ಇವತ್ತಿನ ಮಧ್ಯಾಹ್ನದ್ದೂ ಬೇಡ. ಕಾಗದ ಬರುತ್ತಿದೆ. ಚಿಗುಸಾ.


ಕುನಿಸಾಕಿ
ಜನವರಿ ೧೪

ಶಿನೊ,

ತಂತಿ ಮದುವೆಯ ಹೊದಿಕೆಯಲ್ಲಿ ಬಂದಿದ್ದರೆ ಗಾಬರಿಯಾಗಬೇಡ. ಅಂಚೆ ಕಚೇರಿಯಲ್ಲಿ ಸಾದಾ ಹೊದಿಕೆ ಮುಗಿದಿತ್ತು. ಉಳಿದದ್ದು ಜೋಡಿ ಕೊಕ್ಕರೆಗಳದ್ದು ಮತ್ತು ಸಾವಿನ ಮನೆಗೆ ಕಳಿಸುವ ಕಪ್ಪು ಅಂಚಿನದ್ದು. ಕೊಕ್ಕರೆಯದನ್ನೇ ತೆಗೆದುಕೊಂಡೆ. ಫುಸೆಯ ಕೈಯಿಂದ ಫೋನ್ ಮಾಡಿಸೋಣವೆಂದರೆ ಬಸ್ಸಿನಲ್ಲಿ ನೀನಾಗಲಿ ಕ್ರೇನಿನ ಮೇಲೆ ಜುನ್‌ಪೇಯಾಗಲಿ ಅದನ್ನು ಮುಟ್ಟುವಂತಿಲ್ಲ. ಸಂಜೆಯ ತನಕ ಕಾದರೆ ನೀನು ಇನ್ನೊಂದು ಬಟ್ಟಲು ಕುಡಿದುಬಿಡುತ್ತೀಯೆ.

ಆದದ್ದು ಇಷ್ಟು. ಇವತ್ತು ಬೆಳಿಗ್ಗೆ ಒಲೆಯ ಮೇಲೆ ಬಾರ್ಲಿ ಬೇಯುತ್ತಿತ್ತು. ಹನ್ನೆರಡು ತಟ್ಟೆಗಳನ್ನೂ ಒರೆಸಿ ಸಾಲಾಗಿ ಇಟ್ಟಿದ್ದೆ. ಬೇಯುವ ತನಕ ಏನು ಮಾಡುವುದೆಂದು ನಿನ್ನೆ ವ್ಯಾನಿನ ಹುಡುಗಿ ಕೊಟ್ಟ ಪುಸ್ತಕ ತೆಗೆದೆ. ನಿನ್ನನ್ನು ಎಲ್ಲಿ ಹಿಡಿಯಬಹುದೆಂದು ಹುಡುಕುತ್ತಾ ಹೋದೆ. ಎಪ್ಪತ್ತೆರಡನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಈ ತೊಂದರೆ ಇರುವವರು ಗೋಧಿ, ಬಾರ್ಲಿ, ರೈ ಮೂರನ್ನೂ ಬಿಡಬೇಕು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಆಮೇಲೆ ಒಲೆಯ ಕಡೆ ನೋಡಿದೆ.

ಫುಸೆ ಹಬೆಪಾತ್ರೆ ಹಿಡಿದು ನಿಂತಿದ್ದಳು.

"ಏನಾಯ್ತೇ ಚಿಗುಸಾ, ಮುಖ ಯಾಕೆ ಹಿಂಗಾಯ್ತು?"

"ಎರಡು ತಿಂಗಳಿಂದ ಸೊಸೆಗೆ ವಿಷ ಹಾಕ್ತಿದ್ದೆ ಕಣೇ."

"ಕೊನೆಗೂ!" ಅಂದಳು. ತಮಾಷೆಗೆ. ನನಗೆ ನಗು ಬರಲಿಲ್ಲ, ಅಳು ಬಂತು. ನನ್ನ ಗಂಡ ಸತ್ತಾಗಲೂ ಫುಸೆಯ ಮುಂದೆ ಅತ್ತವಳಲ್ಲ ನಾನು. ಅವಳು ಹೆದರಿ ಹಬೆಪಾತ್ರೆ ಕೆಳಗಿಟ್ಟಳು.

ನಮ್ಮ ಕಡೆ ಮಿಸೊ ಎಂದರೆ ಬಾರ್ಲಿಯದೇ. ಅಕ್ಕಿಯ ಮಿಸೊ ಎನ್ನುವುದು ಕ್ಯೋತೊದವರ ಸಿಹಿ ತಿಂಡಿ ಎಂದು ನಗುತ್ತೇವೆ. ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ನಿಮ್ಮ ಕಡೆ ಮಿಸೊ ಎಂದರೆ ಅಕ್ಕಿಯದು, ಕೇಳಬೇಕೆಂದು ನಿನಗೂ ಹೊಳೆದಿಲ್ಲ. ನೀನು ಚಮಚದಲ್ಲಿ ಬಳಿದು ತಿಂದೆಯಲ್ಲ, ಆ ಕಪ್ಪು ಗೆರೆಯ ಕಾಳು, ಅದೇ ಬಾರ್ಲಿ. ಆ ಸಾಲನ್ನು ಡಿಸೆಂಬರಿನಲ್ಲಿ ಓದಿ ನಾನು ಹಿಗ್ಗಿದ್ದೆ. ಫುಸೆಗೆ ಎರಡು ಸಲ ಓದಿ ಹೇಳಿದ್ದೆ.

ನೀನು ಸುಳ್ಳು ಹೇಳಿರಲಿಲ್ಲ. ನಿನ್ನ ಕಾಯಿಲೆ ತಲೆಯೊಳಗಿನದೂ ಅಲ್ಲ. ನಿನಗೆ ಗೊತ್ತಿಲ್ಲದೆಯೇ ತಿಂದದ್ದನ್ನು ನಿನ್ನ ಹೊಟ್ಟೆ ಕಂಡುಹಿಡಿಯಿತಲ್ಲ, ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಡಾಕ್ಟರು ಮಾಡುತ್ತಾನೆ? ಟಿಕೆಟ್ ಕಿಟಕಿಯ ಮಾತು ಎತ್ತಿದರೆ ನೋಡು. ಫೆಬ್ರವರಿ ಇಪ್ಪತ್ತಕ್ಕೆ ಇನ್ನೂ ಮೂವತ್ತೇಳು ದಿನವಿದೆ. ಹನ್ನೆರಡೇ ದಿನದಲ್ಲಿ ಹೊಟ್ಟೆ ಸರಿಯಾಯಿತೆಂದು ನೀನೇ ಬರೆದಿದ್ದೆ. ಸಮಯ ಬೇಕಾದಷ್ಟಿದೆ, ಎದ್ದು ನಿಲ್ಲು!

ನನ್ನದು ತಪ್ಪಾಯಿತು, ಶಿನೊ. ಆಗಸ್ಟಿನದೂ, ಆಮೇಲಿನದೂ. ಇದನ್ನು ಎರಡನೆಯ ಸಲ ಬರೆಯುವುದಿಲ್ಲ, ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊ.

ಚಿಗುಸಾ


ಕೋಬೆ
ಫೆಬ್ರವರಿ ೧

ಅತ್ತೆ, ಅತ್ತೆ, ಅತ್ತೆ!

ಹದಿನೆಂಟು ದಿನ! ಹೊಟ್ಟೆ ಮತ್ತೆ ಕಾಣೆಯಾಗಿದೆ! ಬಾಯಿಯ ಹುಣ್ಣು ಮಾಯ, ತಲೆಯ ಮಂಜು ಮಾಯ. ಮೊನ್ನೆ ಹದಿನೇಳೂ ತಿರುವುಗಳನ್ನು ನಿಂತವರು ಕೈಪಟ್ಟಿ ಹಿಡಿಯದಷ್ಟು ಮೆತ್ತಗೆ ದಾಟಿದೆ. ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿಯುವಾಗ ಒಬ್ಬ ಅಜ್ಜ "ಬಸ್ ಹೊರಟಿದ್ದೇ ಗೊತ್ತಾಗ್ಲಿಲ್ಲಮ್ಮ" ಅಂದರು. ಓಗಾತ ಅವರು ಪಕ್ಕದಿಂದ, "ನೀವು ನಿದ್ದೆ ಮಾಡ್ತಿದ್ರಿ ಬಿಡಿ" ಅಂದರು. ಅವರ ತಮಾಷೆ ವಾಪಸ್ ಬಂತೆಂದರೆ ನನ್ನ ಮೇಲೆ ನಂಬಿಕೆಯೂ ವಾಪಸ್ ಬಂತೆಂದು ಅರ್ಥ.

ನಿಮ್ಮ ತಂತಿ ಬಂದಾಗ ನಾನು ಮಧ್ಯಾಹ್ನದ ಪಾಳಿಗೆ ಹೊರಡುತ್ತಿದ್ದೆ. ಫ್ಲಾಸ್ಕ್ ತುಂಬಿಸಿ ಮುಚ್ಚಳ ಹಾಕುತ್ತಿದ್ದೆ. ಕೊಕ್ಕರೆಗಳನ್ನು ನೋಡಿ ಯಾರದಪ್ಪ ಮದುವೆ ಎಂದುಕೊಂಡು ತೆರೆದೆ. ಫ್ಲಾಸ್ಕಿನಲ್ಲಿದ್ದದ್ದನ್ನು ಸಿಂಕಿಗೆ ಸುರಿದೆ. ಆಮೇಲೆ ನಕ್ಕೆ ಅತ್ತೆ, ಒಬ್ಬಳೇ, ಪಕ್ಕದ ಮನೆಯವರು ಗೋಡೆ ತಟ್ಟುವಷ್ಟು. ಕಳ್ಳ ಸಿಕ್ಕಿದ್ದ! ನನಗೆ ಹುಚ್ಚಿರಲಿಲ್ಲ! ಜುನ್‌ಪೇ ಬಂದು ಕೇಳಿದವರೇ, "ಹಾಗಾದ್ರೆ ಬಾಲ್ಕನೀಲಿ ಎರಡು ತಿಂಗಳು ಚಳೀಲಿ ಕೂತಿದ್ದು ವ್ಯರ್ಥನಾ?" ಅಂದರು. ವ್ಯರ್ಥವಲ್ಲ, ಈಗಲೂ ಅಲ್ಲೇ ಕೂರಬೇಕು ಎಂದೆ. ಪಾರಿವಾಳಗಳಿಗೆ ಸಮಾಧಾನವಾಗಿದೆ.

ಡಾಕ್ಟರಿಗೂ ಮಿಸೊ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಈಗ್ಲೂ ಹೆಸರಿಡೋಕಾಗಲ್ಲ. ಆದ್ರೆ ನೀವು ಹೇಳ್ತಿರೋದನ್ನ ನಾನು ಅಲ್ಲಗಳೆಯಲ್ಲ. ಎಂದಾದ್ರೂ ಆರು ವಾರ ರಜೆ ಸಿಕ್ಕಿದ್ರೆ ಬನ್ನಿ, ಬ್ರೆಡ್ ತಿನ್ನಿಸಿ ನೋಡೋಣ." ಹೆಸರಿಲ್ಲದೆಯೇ ಬದುಕಲು ಕಲಿಯುತ್ತೇನೆ. ಹೊಟ್ಟೆ ಸುಮ್ಮನಿದ್ದರೆ ನನಗೆ ಸಾಕು.

ನಿಮ್ಮ ಕಾಗದವನ್ನು ಜೋಪಾನವಾಗಿಯೇ ಇಟ್ಟಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಉಳಿದ ಮಿಸೊವನ್ನು ಜುನ್‌ಪೇ ಬಾಲ್ಕನಿಯಲ್ಲಿ ಮುಗಿಸುತ್ತಿದ್ದಾರೆ.

ತಪ್ಪು ನಿಮ್ಮದಲ್ಲ. ಇಬ್ಬರೂ ಕೇಳಲಿಲ್ಲ, ಅಷ್ಟೇ. ಆದರೆ ಒಂದು ಮಾತು ಹೇಳಿಬಿಡುತ್ತೇನೆ: ಬೆಳಿಗ್ಗೆ ಅನ್ನದ ಮುಂದೆ ಕೂತಾಗ ನಿಮ್ಮ ಸಾರಿಲ್ಲದೆ ಬೇಜಾರಾಗುತ್ತದೆ.

ಇಪ್ಪತ್ತಕ್ಕೆ, ಬೆಳಿಗ್ಗೆ ಎಂಟೂ ಹತ್ತರ ಬಸ್ಸು. ಹಾರೈಸಿ.

ಶಿನೊ


ಕುನಿಸಾಕಿ
ಫೆಬ್ರವರಿ ೧೨

ಶಿನೊಗೆ,

ಇಪ್ಪತ್ತಕ್ಕೆ ಇಲ್ಲಿ ಎಪ್ಪತ್ತು ದಾಟಿದವರ ಟೇಬಲ್ ಟೆನಿಸ್ ಫೈನಲ್ ಇದೆ. ಮೂರು ವರ್ಷದಿಂದ ಕಪ್ ನನ್ನದು. ಹಾಗಾಗಿ ಇಲ್ಲಿಂದಲೇ ಹಾರೈಸುತ್ತೇನೆ.

ಫ್ರಿಜ್ಜಿನ ಮೇಲಿನ ಕಾಗದ ಕಿತ್ತು ಒಳಗಿಡು. ಬಂದವರು ಓದುತ್ತಾರೆ.

ಚಿಗುಸಾ


ಕೋಬೆ
ಫೆಬ್ರವರಿ ೨೨

ಅತ್ತೆಯವರಿಗೆ,

ಮೊನ್ನೆ ಹಡಗುಕಟ್ಟೆಯಲ್ಲಿ ನೀವು ಮಾತಿಗೆ ಅವಕಾಶ ಕೊಡದೆ ಹತ್ತಿಬಿಟ್ಟಿರಿ. ಹಾಗಾಗಿ ನನ್ನ ಕನ್ನಡಿಯಲ್ಲಿ ಕಂಡದ್ದನ್ನು ನಾನು ಬರೆಯಲೇಬೇಕು.

ಎಂಟೂ ಹತ್ತು. ಬಂದರಿನ ನಿಲ್ದಾಣ. ಓಗಾತ ಅವರು ಕೊನೆಯ ಸೀಟಿನಲ್ಲಿ ಹಾಳೆ ಹಿಡಿದು ಕೂತಿದ್ದಾರೆ. ನನ್ನ ಪಕ್ಕ ಮೊದಲ ಸಲ ಯಾರೂ ಇಲ್ಲ. ಹಿಂದಿನ ಬಾಗಿಲಿನಿಂದ ಒಬ್ಬರು ಹತ್ತಿದರು. ಮೂಗಿನ ತನಕ ಮಾಸ್ಕ್, ಹುಬ್ಬಿನ ತನಕ ಟೋಪಿ, ಎದೆಗೆ ಅವಚಿಕೊಂಡ ಬಟ್ಟೆಯ ಗಂಟು. ಯಾರಿಗೂ ಗುರುತು ಸಿಗದ ವೇಷ. ಆದರೆ ತಿರುಗಿ ಕೂರುವಾಗ ಬೆನ್ನ ಮೇಲೆ ಅಂಗೈಯಷ್ಟು ದೊಡ್ಡ ಅಕ್ಷರಗಳು: ಕುನಿಸಾಕಿ ಹಿರಿಯರ ಟೇಬಲ್ ಟೆನಿಸ್ ಸಂಘ.

ಅತ್ತೆ, ಆ ಕ್ಷಣ ಬ್ರೇಕ್ ಯಾವುದು ಆಕ್ಸಿಲರೇಟರ್ ಯಾವುದು ಎಂದು ಮರೆತೆ.

ನೀವು ನೇರ ನನ್ನ ಹಿಂದಿನ ಸೀಟಿಗೆ ಬಂದಿರಿ. "ಬಸ್ ಚಲಿಸುವಾಗ ಚಾಲಕರೊಂದಿಗೆ ಮಾತನಾಡಬಾರದು" ಎಂಬ ಫಲಕ ನಿಮ್ಮ ಮೂಗಿನ ಮುಂದೆಯೇ ಇತ್ತು. ನಲವತ್ತೆರಡು ನಿಮಿಷ ನೀವು ಬಾಯಿ ಬಿಡಲಿಲ್ಲ! ಜುನ್‌ಪೇಗೆ ಹೇಳಿದರೆ ಇವತ್ತಿಗೂ ನಂಬುತ್ತಿಲ್ಲ. ಹನ್ನೊಂದನೆಯ ತಿರುವಿನಲ್ಲಿ, ಆ ಶಾಲೆಯ ಮುಂದೆ, ಕನ್ನಡಿಯಲ್ಲಿ ನಿಮ್ಮ ಕಣ್ಣು ಕಂಡಿತು. ನೀವು ನನ್ನನ್ನಲ್ಲ, ಶಾಲೆಯ ಗೇಟನ್ನು ನೋಡುತ್ತಿದ್ದಿರಿ, ತೆರೆದಿದೆಯೋ ಇಲ್ಲವೋ ಎಂದು. ನನಗೆ ಓಡುವ ಅಗತ್ಯವೇ ಬರಲಿಲ್ಲ. ಹೊಟ್ಟೆ ಎನ್ನುವುದು ಒಂದಿದೆ ಎಂದೇ ನೆನಪಿರಲಿಲ್ಲ.

ಆಸ್ಪತ್ರೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ನೀವು ಕೂತೇ ಇದ್ದಿರಿ. ನಾನು ಎದ್ದು ಬಂದು, ಓಗಾತ ಅವರ ಮುಂದೆ ಬೇರೇನು ಹೇಳುವುದೆಂದು ತಿಳಿಯದೆ, "ಅತ್ತೆ, ಇದು ಕೊನೇ ಸ್ಟಾಪು" ಎಂದೆ.

"ಗೊತ್ತು. ನಿಂಗೇನಾದ್ರೂ ಓಡೋದು ಬಂದ್ರೆ ಓಡ್ಲಿ, ಬಸ್ಸು ನಾನು ನೋಡ್ಕೊಳ್ಳೋಣ ಅಂತ ಬಂದೆ."

ಅದಕ್ಕಾಗಿ ಹಡಗು ಹತ್ತಿ ಬಂದಿರಿ. ಅದಕ್ಕಾಗಿ ಕಪ್ ಬಿಟ್ಟಿರಿ. ನನಗೆ ಯಾರೂ ಇಷ್ಟು ದೊಡ್ಡದನ್ನು ಇಷ್ಟು ಕೋಪದ ದನಿಯಲ್ಲಿ ಕೊಟ್ಟಿರಲಿಲ್ಲ. ಸಮವಸ್ತ್ರದಲ್ಲಿ ಅಳಬಾರದೆಂಬ ನಿಯಮವಿಲ್ಲವಾದ್ದರಿಂದ ಅತ್ತುಬಿಟ್ಟೆ. ಓಗಾತ ಅವರು ಹಾಳೆಯಲ್ಲಿ ಮುಖ ಮುಚ್ಚಿಕೊಂಡು, "ಪಾಸು, ಪಾಸು, ಹೋಗಿ ಇಬ್ರೂ ಮುಖ ತೊಳ್ಕೊಳ್ಳಿ" ಎಂದರು.

ಗಂಟನ್ನು ನನ್ನ ಕೈಗಿಟ್ಟು ಅದೇ ದಿನದ ಹಡಗಿಗೆ ಹೊರಟಿರಿ. ಒಳಗೆ ಬಿಳಿ ಮಿಸೊ. ಡಬ್ಬಿಯ ಮೇಲೆ ನಿಮ್ಮ ಅಕ್ಷರದಲ್ಲಿ ಈ ಸಲ ಪಟ್ಟಿಯೂ ಇತ್ತು: ಅಕ್ಕಿ, ಸೋಯಾ, ಉಪ್ಪು, ಬೇರೇನೂ ಇಲ್ಲ. ಎರಡು ದಿನದಿಂದ ಕುಡಿಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಒಬ್ಬಳೇ ಬಸ್ ತೆಗೆದೆ. ಸಿಹಿಯಾಗಿದೆ ಅತ್ತೆ, ಕ್ಯೋತೊದವರು ನಾಚುವಷ್ಟು.

ಆದರೆ ಸೋಪು ಮುಟ್ಟಿಸದ, ಬಾರ್ಲಿ ಹೀರಿಕೊಂಡ ಆ ಹನ್ನೆರಡು ತಟ್ಟೆಗಳಲ್ಲಿ ಇದನ್ನು ಹೇಗೆ ಮಾಡಿದಿರಿ?

ಶಿನೊ


ಕುನಿಸಾಕಿ
ಮಾರ್ಚ್ ೩

ಶಿನೊಗೆ,

ಫೈನಲಿನಲ್ಲಿ ನಾನಿಲ್ಲದ್ದಕ್ಕೆ ಕಪ್ ಫುಸೆಗೆ ಹೋಯಿತು. ದಿನಾ ಅದರಲ್ಲಿ ಹೂವಿಟ್ಟು ನನ್ನ ಕಿಟಕಿಗೆ ಕಾಣುವ ಹಾಗೆ ಇಡುತ್ತಾಳೆ. ಇರಲಿ, ಮುಂದಿನ ವರ್ಷ ನೋಡಿಕೊಳ್ಳುತ್ತೇನೆ.

ಹಳೆಯ ತಟ್ಟೆಗಳಲ್ಲಿ ಮಾಡಿಲ್ಲ. ಮರದ ಸಂದಿಯಲ್ಲಿ ಬಾರ್ಲಿಯ ಪುಡಿ ಉಳಿದರೂ ನಿನಗಾಗುವುದಿಲ್ಲವೆಂದು ಅದೇ ಪುಸ್ತಕದಲ್ಲಿತ್ತು. ಹಾಗಾಗಿ ಜನವರಿಯಲ್ಲೇ ಬಡಗಿಯ ಹತ್ತಿರ ಸೀಡರ್ ಮರದ ನಾಲ್ಕು ಹೊಸ ತಟ್ಟೆ ಮಾಡಿಸಿದೆ. ಹಬೆಪಾತ್ರೆ, ಬಟ್ಟೆ, ಸೌಟು ಎ‌ಲ್ಲ ಹೊಸದು. ಮನೆಯ ಆ ತುದಿಯ ಕೋಣೆಗೆ ಬಾರ್ಲಿ ಮುಟ್ಟಿದ ಕೈಯಲ್ಲಿ ಯಾರೂ ಹೋಗುವಂತಿಲ್ಲ. ಫುಸೆ ಮೊನ್ನೆ ಬಾಗಿಲಲ್ಲೇ ನಿಂತು, "ಒಳಗೇನು ದೇವ್ರನ್ನ ಕೂರಿಸಿದೀಯೇನೇ?" ಅಂದಳು. ಸೊಸೆಯನ್ನು ಎಂದೆ.

ಬಿಳಿ ಮಿಸೊ ಎರಡು ಮೂರು ವಾರದಲ್ಲೇ ಮಾಗುತ್ತದೆ, ಆದರೆ ಮೊದಲ ಸಲ ಅಕ್ಕಿಗೆ ಕೊಜಿ ಹಿಡಿಯಲೇ ಇಲ್ಲ. ಐವತ್ತು ವರ್ಷ ಬಾರ್ಲಿಯ ಜೊತೆ ಪಳಗಿದ ಕೈ, ಅಕ್ಕಿಯ ಮುಂದೆ ಹೊಸ ಸೊಸೆಯ ಹಾಗೆ ತಡವರಿಸಿತು. ಎರಡನೆಯ ಸಲ ಬೆಳಿಗ್ಗೆ ಬಟ್ಟೆ ಎತ್ತಿ ನೋಡಿದರೆ ಇಡೀ ತಟ್ಟೆಯ ಮೇಲೆ ಹಿಮ ಬಿದ್ದ ಹಾಗೆ ಬೆಳ್ಳಗೆ ಹಿಡಿದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಚಪ್ಪಾಳೆ ಹೊಡೆದೆ.

ಆಗಸ್ಟಿಗೆ ಜುನ್‌ಪೇಯನ್ನು ಕರೆದುಕೊಂಡು ಬಾ. ಯಸೆಉಮವನ್ನು ಈ ವರ್ಷ ಅಕ್ಕಿಹಿಟ್ಟಿನಲ್ಲಿ ಮಾಡುತ್ತೇನೆ. ನಿನ್ನ ಮಾವನಿಗೂ ಅದನ್ನೇ ಎಡೆ ಇಡುತ್ತೇನೆ. ನಿನ್ನೆ ಪಟದ ಮುಂದೆ ಹೇಳಿಬಿಟ್ಟಿದ್ದೇನೆ. ಅವರು ಬದುಕಿದ್ದಾಗಲೂ ಬಡಿಸಿದ್ದನ್ನು ತಿನ್ನುತ್ತಿದ್ದರು, ಈಗಲೂ ತಿನ್ನುತ್ತಾರೆ. ನೀನು ಮಾತ್ರ ಒಂದು ಪಟ್ಟಿಯೂ ಬಿಡುವಂತಿಲ್ಲ, ಎಣಿಸುತ್ತೇನೆ.

ಬರುವಾಗ ಕುಂಚ, ಮಸಿ ತಾ. ಹಳೆಯ ತಟ್ಟೆಯಲ್ಲಿ ನನ್ನ ಹೆಸರಿನ ಪಕ್ಕ ನಿನಗೆಂದು ಬಿಟ್ಟ ಜಾಗ ಖಾಲಿಯೇ ಉಳಿಯುತ್ತದೆ. ಅದನ್ನು ನೆನೆದು ಎರಡು ದಿನ ಬೇಸರ ಪಟ್ಟೆ. ಆಮೇಲೆ ಹೊಸ ತಟ್ಟೆಯನ್ನು ತಿರುಗಿಸಿ ಇಟ್ಟು ನೋಡಿದೆ. ಅಡಿಯಲ್ಲಿ ಇನ್ನೂ ಯಾರ ಹೆಸರೂ ಇಲ್ಲ. ಮೊದಲನೆಯದು ನಿನ್ನದು. ಅಕ್ಕಿಯ ಕೆಲಸಕ್ಕೆ ನಾನೂ ಹೊಸಬಳೇ, ನನ್ನದು ನಿನ್ನ ಕೆಳಗಿರಲಿ.

ತೀರ ದೊಡ್ಡದಾಗಿ ಬರೆಯಬೇಡ. ನನಗೂ ಸ್ವಲ್ಪ ಜಾಗ ಬಿಡು.

ಚಿಗುಸಾ